ಐಡಿಯಾ ಎಲ್ಲಿಂದ ತರ್ತೀರಿ ಅಂತ ಕೇಳೋರಿಗೆ

ಮಕ್ಕಳ ಮುಖಕ್ಕೆ ಬಣ್ಣ ಬರೆಯುವುದು ನನ್ನ ಕೆಲಸ. ಹುಬ್ಬಳ್ಳಿ-ಧಾರವಾಡದ ಹುಟ್ಟುಹಬ್ಬ, ಶಾಲೆಯ ಗ್ಯಾದರಿಂಗ್, ಅಪಾರ್ಟ್‌ಮೆಂಟಿನ ಗಣಪತಿ ಹಬ್ಬ, ಎಲ್ಲಿ ಕರೆದರೂ ಹೋಗುತ್ತೇನೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: “ಇಷ್ಟೆಲ್ಲಾ ಡಿಸೈನ್ ನಿಮ್ಗ ಹೆಂಗ ಹೊಳೀತಾವ್ರೀ?” ನಾನು ಬಾಯಿ ತೆರೆಯುವಷ್ಟರಲ್ಲಿ ಕೇಳಿದವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ: “ಪಿಂಟರೆಸ್ಟ್ ನೋಡಿ ತಗೀತೀರಿ, ಹೌದಲ್ಲ?” ಹಿತ್ತಲಲ್ಲಿ ಮಾವಿನಕಾಯಿ ಕದಿಯುವವರನ್ನು ಹಿಡಿದ ಹಾಗೆ ಒಂದು ನಗು ಬೇರೆ.

ನೋಡ್ತೀನಿ. ಯಾಕ ನೋಡಬಾರದು? ನೀವು ಯೂಟ್ಯೂಬ್ ನೋಡಿ ಬದನಿಕಾಯಿ ಎಣ್ಣೆಗಾಯಿ ಮಾಡಿದಾಗ ನಾನು ಬಂದು ನಕ್ಕಿದ್ದೇನೆಯೇ? ಆದರೆ ಫೋಟೋದಲ್ಲಿರುವ ಕೂಸು ಅಲುಗಾಡುವುದಿಲ್ಲ. ನನ್ನ ಮುಂದಿನ ಕುರ್ಚಿಯಲ್ಲಿ ಕೂತದ್ದು ಬಾಯಲ್ಲಿ ಚಾಕ್ಲೇಟ್ ಇಟ್ಟುಕೊಂಡು, ಗಳಿಗೆಗೊಮ್ಮೆ ತಿರುಗಿ ಅವ್ವನನ್ನು ಹುಡುಕುತ್ತಿರುತ್ತದೆ. ಅದರ ಹಿಂದೆ ಉದ್ದ ಸಾಲು. ಒಂದು ಮುಖಕ್ಕೆ ಹೆಚ್ಚೆಂದರೆ ಐದು ನಿಮಿಷ. ಸ್ಫೂರ್ತಿ ಬರಲಿ ಅಂತ ಕಾಯಲಿಕ್ಕೆ ನಾನೇನು ಸಾಧನಕೇರಿಯ ಕೆರೆ ದಂಡೆಯಲ್ಲಿ ಕೂತ ಕವಿಯೇ?

ಡಿಸೈನ್ ಬರುವುದು ಎದುರಿಗಿರುವ ಮುಖದಿಂದಲೇ. ಹಣೆ ಅಗಲವಿದ್ದರೆ ಕಿರೀಟ ಕೂರುತ್ತದೆ. ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದರೆ ಚಿಟ್ಟೆಯ ಕೆಳರೆಕ್ಕೆಯನ್ನು ಅಲ್ಲಿಗೇ ತರುತ್ತೇನೆ, ನಕ್ಕಾಗ ರೆಕ್ಕೆ ತಾನೇ ಬಡಿಯುತ್ತದೆ. ಹುಬ್ಬು ದಟ್ಟವಿರುವ ಹುಡುಗ ಬಂದರೆ ಹುಲಿಯ ಅರ್ಧ ಕೆಲಸ ಮುಗಿದಂತೆ. ಅಳುವ ಕೂಸಿಗೆ ಕಣ್ಣಿನ ಸುತ್ತ ಏನನ್ನೂ ಬರೆಯುವುದಿಲ್ಲ, ಕೈಮೇಲೆ ಒಂದು ಹೂವು ಬರೆದು ಎಬ್ಬಿಸುತ್ತೇನೆ.

“ನಮ್ಮ ಧಾರವಾಡದ ಕಸೂತಿ ಮಾರಿ ಮ್ಯಾಲೆ ಯಾಕ ತಗ್ಯಂಗಿಲ್ಲ?” ಎಂದು ಕೆಲವರು ಸಲಹೆ ಕೊಡುತ್ತಾರೆ. ಮೊದಮೊದಲು ನನಗೂ ಅದರ ಹುಚ್ಚಿತ್ತು. ಕಸೂತಿಯನ್ನು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹಾಕುವುದಿಲ್ಲ, ನೂಲಿನ ಎಳೆ ಎಣಿಸಿ ಹಾಕುತ್ತಾರೆ. ಗೋಪುರ, ತೇರು, ತುಳಸಿಕಟ್ಟೆ ಎಲ್ಲವೂ ನೆಟ್ಟಗೆ ನಿಲ್ಲುವುದು ಆ ಎಣಿಕೆಯಿಂದ. ಕೆನ್ನೆಯಲ್ಲಿ ಎಣಿಸಲಿಕ್ಕೆ ಎಳೆ ಎಲ್ಲಿದೆ? ಹುಡುಗಿ ಸುಮ್ಮನಿದ್ದಾಗ ನೆಟ್ಟಗಿದ್ದ ಗೋಪುರ, ನಕ್ಕ ಕೂಡಲೇ ಭೂಕಂಪವಾದಂತೆ ವಾಲುತ್ತದೆ. ಹಾಗಾಗಿ ತೇರು ಹಣೆಯ ನಡುವೆ ಮಾತ್ರ, ಅಲ್ಲಿ ಚರ್ಮ ಕಡಿಮೆ ಸರಿಯುತ್ತದೆ. ಕಣ್ಣಿನ ಅಂಚಿಗೆ ಕಸೂತಿಯ ಗವಂತಿ ಹೊಲಿಗೆಯ ಸಣ್ಣ ಗೆರೆ ಚೆನ್ನಾಗಿ ಒಪ್ಪುತ್ತದೆ. ಮೆಂತಿ ಹೊಲಿಗೆಯ ಕತ್ತರಿ ಗುರುತನ್ನು ಗದ್ದದ ಮೇಲೆ ಹಾಕಬೇಡಿ, ಹೊಲಿಗೆ ಬಿದ್ದ ಗಾಯದಂತೆ ಕಾಣುತ್ತದೆ.

ನವಿಲಿನದೂ ಇದೇ ಕತೆ. ನವಿಲು ಅಂದರೆ ಎಲ್ಲರೂ ಗರಿಗೇ ಹೋಗುತ್ತಾರೆ. ಬಂಕಾಪುರದ ಕೋಟೆಯೊಳಗಿನ ನವಿಲುಧಾಮದಲ್ಲಿ ಒಂದು ಮುಂಜಾನೆ ಕೂತು, ಗರಿ ಬಿಟ್ಟು ಮುಖ ನೋಡಿ. ಕಣ್ಣಿನ ಮೇಲೊಂದು ಬಿಳಿ ಗೆರೆ, ಕೆಳಗೊಂದು ಬಿಳಿ ಪಟ್ಟಿ, ನಡುವೆ ಕಣ್ಣಿನಿಂದ ಎಳೆದ ಕಪ್ಪು. ಆ ಬಿಳಿ ಪುಕ್ಕವಲ್ಲ, ಬರಿ ಚರ್ಮ. ಹಕ್ಕಿ ತಾನೇ ಮುಖ ಬರೆದುಕೊಂಡು ಕೂತಿದೆ. ನಾನು ಗರಿ ಬರೆಯುವುದನ್ನೇ ಬಿಟ್ಟೆ. ನೀಲಿ ಬಳಿದು ಆ ಎರಡು ಬಿಳಿ ಗುರುತು ಹಾಕಿದರೆ ಸಾಕು, ನೋಡಿದವರು ‘ನವಿಲು’ ಎನ್ನುತ್ತಾರೆ. ತಾಯಂದಿರು ಮಾತ್ರ ‘ಗರಿ ಎಲ್ಲ್ಯದ?’ ಎನ್ನುತ್ತಾರೆ.

‘ಹೆಂಗ ಹೊಳೀತಾವ’ ಎಂಬ ಪ್ರಶ್ನೆ ನನ್ನನ್ನು ನಿಜಕ್ಕೂ ಕಾಡಿದ್ದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಡೆದ ಒಂದು ಹುಟ್ಟುಹಬ್ಬದಲ್ಲಿ. ಆರೇಳು ವರ್ಷದ ಹುಡುಗ, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದ. ಬೋಳು ತಲೆಗೆ ನಾಚಿ ಮೂಲೆಯಲ್ಲಿ ನಿಂತಿದ್ದ, ಟೋಪಿ ತೆಗೆಯಲೊಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಾನು ಆಗಷ್ಟೇ ನೋಡಿ ಬಂದಿದ್ದೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ ಸೇರಿದ ಕೆರೆ ಅದು. ಆ ಹಕ್ಕಿಯ ತಲೆ ಬೆಳ್ಳಗೆ, ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಕೂದಲಿರುವ ತಲೆಯ ಮೇಲೆ ಅದನ್ನು ಬರೆಯುವುದು ಸಾಧ್ಯವೇ ಇಲ್ಲ. ಇಲ್ಲಿ ದೇವರೇ ಕಾಗದ ಸಿದ್ಧ ಮಾಡಿ ಕಳಿಸಿದ್ದಾನೆ! ನೆತ್ತಿಯಲ್ಲಿ ಕತ್ತಿ ತಾಗಿದ ಗಾಯ ಇಲ್ಲವೆಂದು ನೋಡಿಕೊಂಡು, ಅವರವ್ವನನ್ನು ಕೇಳಿ, ಬಿಳಿ ಬಳಿದು ಎರಡು ಪಟ್ಟೆ ಎಳೆದೆ. ಮೂಗಿಗೆ ಕಿತ್ತಳೆ ಹಳದಿ. ಹುಡುಗ ರೆಕ್ಕೆ ಬಡಿಯುತ್ತ ಹಾಲ್ ತುಂಬ ಓಡಿದ.

ಅವನ ಅಜ್ಜಿ ಬಂದರು. “ಏನವಾ, ದೇವರಿಗೆ ಕೊಟ್ಟು ಬಂದ ತಲಿಗೆ ಕರೀ ಗೆರಿ ಎಳದಿಯಲ್ಲ!”

“ದೃಷ್ಟಿ ಬೊಟ್ಟು ಅಂತ ತಿಳೀರಿ ಅಮ್ಮಾರ.”

“ಎರಡೆರಡ?”

ಆಮೇಲೆ ಸಾಲಾಗಿ ಬಂದವರೆಲ್ಲ ‘ಇದು ಹೆಂಗ ಹೊಳೀತು’ ಎಂದೇ ಕೇಳಿದರು. ಬೋಳು ತಲೆ ಕಣ್ಣ ಮುಂದೆ ಓಡಾಡುತ್ತಿದೆ, ಇನ್ನೂ ಹೇಗೆ ಹೊಳೆಯಬೇಕು? ಮೊಹರಮ್ಮಿನಲ್ಲಿ ನಮ್ಮ ಊರುಗಳಲ್ಲಿ ಹರಕೆ ಹೊತ್ತು, ಮೈತುಂಬ ಪಟ್ಟೆ ಬರೆಸಿಕೊಂಡು ಹಲಗಿ ಸದ್ದಿಗೆ ಕುಣಿಯುವ ಹುಲಿಗಳಿಗೆ ಬಣ್ಣ ಹಾಕುವವರನ್ನು ಯಾರಾದರೂ ‘ನಿಮ್ಮ ಪ್ರೇರಣೆ ಏನು’ ಎಂದು ಕೇಳಿದ್ದುಂಟೇ?

ಅವತ್ತು ಅಷ್ಟು ಜನ ಕೇಳಿದರು, ಒಬ್ಬರಾದರೂ ‘ಆ ಬಣ್ಣ ಎಂಥಾದ್ದು’ ಅನ್ನಲಿಲ್ಲ. ಸೀರೆಯ ಬಣ್ಣ ಬಿಡುತ್ತದೆಯೇ ಎಂದು ಸೆರಗು ಉಜ್ಜಿ ನೋಡುವ ಜನ ನಾವು, ಕೂಸಿನ ಕಣ್ಣಂಚಿಗೆ ಬೀಳುವ ಬಣ್ಣದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಾನು ಬಳಸುವುದು ಚರ್ಮಕ್ಕೆಂದೇ ಮಾಡಿದ, ಒದ್ದೆ ಸ್ಪಂಜು ತಿಕ್ಕಿ ಎತ್ತುವ ಬಿಲ್ಲೆಬಣ್ಣ. ಸೋಪು, ಉಗುರುಬೆಚ್ಚನೆ ನೀರಿಗೆ ಹೋಗುತ್ತದೆ. ಸ್ಟೇಷನರಿ ಅಂಗಡಿಯ ಪೋಸ್ಟರ್ ಕಲರ್, ಅಕ್ರಿಲಿಕ್, ಫ್ಯಾಬ್ರಿಕ್ ಬಣ್ಣ ಕಾಗದಕ್ಕೆ, ಬಟ್ಟೆಗೆ ಇರುವಂಥವು. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದು ಬರೆದ ಮಾತ್ರಕ್ಕೆ ಅದು ಚರ್ಮಕ್ಕೆ ಬಳಿಯುವ ಬಣ್ಣ ಆಗುವುದಿಲ್ಲ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರ, ಕಿತ್ತರೆ ಕೆನ್ನೆಯ ಸಣ್ಣ ಕೂದಲೂ ಜೊತೆಗೇ ಬರುತ್ತದೆ. ಕ್ರಾಫ್ಟ್ ಗ್ಲಿಟರ್ ಕಣ್ಣಿಗೆ ಬಿದ್ದರೆ ಗೀರುತ್ತದೆ. ಜಾತ್ರೆಯಲ್ಲಿ ಕೈಗೆ ಹಾಕುವ ಕರಿ ಮೆಹಂದಿಯಲ್ಲಿ ಕೂದಲಿಗೆ ಹಚ್ಚುವ ಡೈಯಿನ ರಾಸಾಯನಿಕ ಬೆರೆಸಿರುತ್ತಾರೆ, ಅದರಿಂದ ಗುಳ್ಳೆ ಎದ್ದ ಕೈಗಳನ್ನು ನೋಡಿದ್ದೇನೆ.

ಒಂದು ಮುಖಕ್ಕೆ ಒಂದು ಸ್ಪಂಜು. ಕಣ್ಣು ಬ್ಯಾನಿ ಬಂದ ಕೂಸಿಗೆ, ಬಾಯಿ ಸುತ್ತ ಹುಣ್ಣಿರುವ ಕೂಸಿಗೆ ಬರೆಯುವುದಿಲ್ಲ, ಎಷ್ಟು ಅತ್ತರೂ. ಮೂರು ವರ್ಷದೊಳಗಿನವಕ್ಕೂ ಇಲ್ಲ. ಇದಕ್ಕೇ ನನಗೆ ‘ಭಾಳ ನಖರಾ’ ಎಂಬ ಹೆಸರಿದೆ, ಇರಲಿ.

ಇನ್ನು ಮುಂದೆ ಕರೆಯುವವರು ಹಿಂದಿನ ದಿನ ಬಂದು ಕೂಸಿನ ಮೊಣಕೈ ಒಳಬದಿಗೆ ಒಂದು ಚುಕ್ಕಿ ಹಾಕಿಸಿಕೊಂಡು ಹೋಗಿ, ಕೆಂಪಾದರೆ ಫೋನ್ ಮಾಡಿ. ಹುಲಿ, ನವಿಲು, ಚಿಟ್ಟೆಗೆ ಒಂದೇ ದರ. ಯೂನಿಕಾರ್ನ್‌ಗೆ ಜಾಸ್ತಿ, ಚರ್ಮಕ್ಕೆ ಹಾಕುವ ಗ್ಲಿಟರ್ ತುಟ್ಟಿ. ಐಡಿಯಾ ಎಲ್ಲಿಂದ ಬಂತು ಅಂತ ಕೇಳಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ.