ಭುಜನೋವು ಅಂತ ಬಂದವರು

19 ನವೆಂಬರ್ 2024, ಮಂಗಳವಾರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಇಂಥ ದಿನ ನಮ್ಮ ಎದೆರೋಗದ ಓಪಿಡಿಯಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ದಮ್ಮಿನವರು, ಕೆಮ್ಮಿನವರು, ಟಿ.ಬಿ. ಮಾತ್ರೆಯವರು. ಆ ಗದ್ದಲದಲ್ಲಿ ಒಬ್ಬ ಯಜಮಾನರು ಮಾತ್ರ ಕೆಮ್ಮದೆ ಕೂತಿದ್ದರು, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು. (ಗುರುತು ಸಿಗಬಾರದೆಂದು ರೋಗಿಗಳ ವಿವರ ಅಲ್ಲಲ್ಲಿ ಬದಲಿಸಿದ್ದೇನೆ.)

"ಕೆಮ್ಮು ಇದೆಯಾ ಯಜಮಾನ್ರೇ?"

"ಕೆಮ್ಮೂ ಇಲ್ಲ, ಗಿಮ್ಮೂ ಇಲ್ಲ ಸಾರ್. ಭುಜ ಹಿಡ್ಕೊಂಡದೆ. ಇಲ್ಲಿಗ್ಯಾಕೆ ಕಳಿಸಿದ್ರೋ."

ಐದು ತಿಂಗಳ ನೋವು. ಎಣ್ಣೆ ತಿಕ್ಕಿಸಿದ್ದಾರೆ, ಕುತ್ತಿಗೆಗೆ ಪಟ್ಟಿ ಹಾಕಿದ್ದಾರೆ, ಭುಜಕ್ಕೆ ಇಂಜೆಕ್ಷನ್ನೂ ಆಗಿದೆ. ನೋವು ಈಗ ತೋಳಿನಲ್ಲಿ ಇಳಿದು ಕಿರುಬೆರಳಿಗೆ ಬಂದಿದೆ. ಮುಖ ನೋಡಿದೆ. ಬಲಗಣ್ಣಿನ ರೆಪ್ಪೆ ಒಂಚೂರು ಜೋತಿತ್ತು. ಆ ಕಣ್ಣಿನ ಪಾಪೆಯೂ ಇನ್ನೊಂದಕ್ಕಿಂತ ಚಿಕ್ಕದು. "ಈ ಕಡೆ ಮುಖ ಬೆವರುತ್ತಾ?" ಎಂದೆ. ಉತ್ತರ ಬಂದದ್ದು ಹೆಂಡತಿಯಿಂದ. "ಒಂದೇ ಕಡೆ ಬೆವರ್ತಾರೆ. ನಾನು ಹೇಳಿದ್ರೆ ನಗ್ತಿದ್ರು."

ಕವರಿನಲ್ಲಿ ಭುಜದ ಎಕ್ಸ್‌ರೇ ಇತ್ತು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಭುಜದ ಫಿಲ್ಮಿನ ಮೂಲೆಯಲ್ಲಿ ಶ್ವಾಸಕೋಶದ ತುದಿಯೂ ಒಂದಿಷ್ಟು ಬಿದ್ದಿರುತ್ತದೆ. ಕಪ್ಪಗಿರಬೇಕಾದ ಆ ತುದಿ ಬೆಳ್ಳಗಿತ್ತು.

ಶ್ವಾಸಕೋಶದ ನೆತ್ತಿಯಲ್ಲಿ ಬೆಳೆಯುವ ಇಂಥದ್ದಕ್ಕೆ ಪ್ಯಾಂಕೋಸ್ಟ್ ಗಡ್ಡೆ ಎನ್ನುತ್ತೇವೆ. ಫಿಲಡೆಲ್ಫಿಯಾದ ಎಕ್ಸ್‌ರೇ ಡಾಕ್ಟರ್ ಹೆನ್ರಿ ಪ್ಯಾಂಕೋಸ್ಟ್ 1924ರಲ್ಲೇ ಇಂಥ ಗಡ್ಡೆಗಳ ಬಗ್ಗೆ ಬರೆದಿದ್ದರು. ಶ್ವಾಸಕೋಶದ ನೆತ್ತಿಯಲ್ಲಿ ದೊಡ್ಡ ಗಾಳಿಕೊಳವೆಗಳಿಲ್ಲ, ಹಾಗಾಗಿ ಕೆಮ್ಮು ತಡವಾಗಿ ಬರುತ್ತದೆ. ಕೈಗೂ ಕಣ್ಣಿಗೂ ಹೋಗುವ ನರಗಳು ಮಾತ್ರ ಪಕ್ಕದಲ್ಲೇ ಇವೆ. ಗಡ್ಡೆ ಮೊದಲು ಅವನ್ನೇ ಹಿಡಿಯುತ್ತದೆ. ಸಿ.ಟಿ. ಸ್ಕ್ಯಾನಿಗೂ ಸೂಜಿ ಪರೀಕ್ಷೆಗೂ ಬರೆದುಕೊಟ್ಟೆ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಜಾತಿ ಎಂಬುದು ಆಮೇಲೆ.

ಈ ಜಾತಿ ವಿಷಯ ತಿಳಿಸಿ ಹೇಳುವುದೇ ಕಷ್ಟ. "ಇದರಲ್ಲೂ ಜಾತೀನಾ ಸಾರ್?" ಎಂದು ಹಿಂದೆ ಒಬ್ಬರು ಕೇಳಿದ್ದರು. ಇದೆ. ಶ್ವಾಸಕೋಶದ ಕ್ಯಾನ್ಸರ್ ಇರುವ 100ರಲ್ಲಿ ಸುಮಾರು 85 ಜನರದು ನಾನ್ ಸ್ಮಾಲ್ ಸೆಲ್, ಉಳಿದವರದು ಸ್ಮಾಲ್ ಸೆಲ್, ಅಂದರೆ ಸಣ್ಣ ಜೀವಕೋಶದ ಜಾತಿ. ಸ್ಮಾಲ್ ಸೆಲ್‌ನವರು ಈಗ ವಾರ್ಡಿನಲ್ಲಿ ಒಬ್ಬರಿದ್ದಾರೆ. ಮೂರೇ ವಾರದಲ್ಲಿ ಅಂಗಿಯ ಮೇಲಿನ ಗುಂಡಿ ಹಾಕಲಾಗದಷ್ಟು ಕುತ್ತಿಗೆ ಊದಿದೆ. ತಲೆಯಿಂದ ರಕ್ತ ಇಳಿಯುವ ದೊಡ್ಡ ನಾಳವನ್ನು ಗಡ್ಡೆ ಒತ್ತುತ್ತಿದೆ. ಮನೆಯವರು ಕಿಡ್ನಿ ತೊಂದರೆ ಎಂದುಕೊಂಡಿದ್ದರಂತೆ. ಕೀಮೋ ಕೊಟ್ಟರೆ ಇದು ಬೇಗ ಕರಗುತ್ತದೆ. ಹೆಚ್ಚಿನವರಲ್ಲಿ ಮತ್ತೆ ಬರುತ್ತದೆ ಕೂಡ.

ಮಧ್ಯಾಹ್ನ ಒಬ್ಬ ತಾಯಿಯ ರಿಪೋರ್ಟ್ ಬಂತು. ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದು ಬಂದಿದ್ದವರು. ಹೋದ ವಾರ ಎದೆಯಿಂದ ಒಂದು ಲೀಟರಿಗೂ ಜಾಸ್ತಿ ಕೆಂಪು ನೀರು ತೆಗೆದಿದ್ದೆವು. ಅಡಿನೋಕಾರ್ಸಿನೋಮ, ನಾನ್ ಸ್ಮಾಲ್ ಸೆಲ್‌ನಲ್ಲೇ ಒಂದು ಒಳಜಾತಿ. ಹೆಚ್ಚಾಗಿ ಕಾಣುವ ಜಾತಿ ಇದೇ. ಶ್ವಾಸಕೋಶದ ಅಂಚಿನಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ.

"ನಮ್ಮಮ್ಮ ಬೀಡಿ ಮುಟ್ಟಿದವರೇ ಅಲ್ಲ ಸಾರ್" ಎಂದ ಮಗ, ನಾನೇ ತಪ್ಪು ಮಾಡಿದ್ದೇನೋ ಎಂಬಂತೆ. ಅಪ್ಪ ಸೇದುತ್ತಿದ್ದರಾ ಎಂದೆ. ಸೌದೆ ಒಲೆ ಇತ್ತಾ ಎಂದೆ. ಎರಡಕ್ಕೂ ಹೌದೆಂದು ತಲೆಯಾಡಿಸಿದ. ಅದರಿಂದಲೇ ಬಂತು ಎಂದು ಬೆರಳಿಟ್ಟು ತೋರಿಸಲು ನನ್ನಿಂದಾಗದು. ಸೇದದ ಹೆಂಗಸರಿಗೂ ಈ ಜಾತಿ ಬರುತ್ತದೆ. ಅವರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಸಿಗುವುದೂ ಜಾಸ್ತಿ. ಸಿಕ್ಕರೆ ದಿನಕ್ಕೊಂದು ಮಾತ್ರೆ ನುಂಗಿ ಕಾಯಿಲೆಯನ್ನು ಎಷ್ಟೋ ಕಾಲ ಹಿಡಿದಿಡಬಹುದು. ಆ ಪರೀಕ್ಷೆಗೆ ಸ್ಯಾಂಪಲ್ ಕಳಿಸಿದೆ.

ರಾತ್ರಿ ಊಟವಾದ ಮೇಲೂ ಹಳೆಯದೊಂದು ಕೇಸು ತಲೆಯಿಂದ ಹೋಗಲಿಲ್ಲ. ನಾನಿನ್ನೂ ಪಿಜಿ ಓದುತ್ತಿದ್ದ ಕಾಲ. ಬೀಡಿ ಸೇದುತ್ತಿದ್ದ ಒಬ್ಬರು, ಕಫದಲ್ಲಿ ರಕ್ತ, ತೂಕ ಇಳಿದಿದೆ, ಎಕ್ಸ್‌ರೇಯಲ್ಲಿ ತೂತಿನಂಥ ಗೂಡು. ಕಫದಲ್ಲಿ ಟಿ.ಬಿ. ರೋಗಾಣು ಸಿಗಲಿಲ್ಲ. ಆದರೂ ಟಿ.ಬಿ. ಮಾತ್ರೆ ಬರೆದೆ. ಎರಡು ತಿಂಗಳ ಮೇಲೆ ಬಂದಾಗ ದನಿ ಕೂತುಹೋಗಿತ್ತು. ಅದು ಟಿ.ಬಿ. ಅಲ್ಲ, ಕ್ಯಾನ್ಸರ್; ನಾನ್ ಸ್ಮಾಲ್ ಸೆಲ್‌ನದೇ ಇನ್ನೊಂದು ಒಳಜಾತಿ, ಸ್ಕ್ವೇಮಸ್. ಸಾಮಾನ್ಯವಾಗಿ ದೊಡ್ಡ ಗಾಳಿಕೊಳವೆಯ ಹತ್ತಿರ ಬೆಳೆದು ನಡುವೆ ಟೊಳ್ಳಾಗುತ್ತದೆ, ನೋಡಲು ಥೇಟ್ ಟಿ.ಬಿ. ಗೂಡು. ಬೆರಳ ತುದಿಗಳು ಗದೆಯಂತೆ ಉಬ್ಬಿದ್ದವು, ಈ ಕ್ಯಾನ್ಸರಿನ ಒಂದು ಸುಳಿವು ಅದು. ಯಾವಾಗಿನಿಂದ ಹೀಗಿದೆ ಎಂದಿದ್ದಕ್ಕೆ, "ಮೊದಲ್ನೇ ಸಲ ಬಂದಾಗ್ಲೇ ಇತ್ತಲ್ಲ ಸಾರ್" ಎಂದರು. ಆವತ್ತು ನಾನು ಅವರ ಕೈ ನೋಡಿರಲಿಲ್ಲ.

ಈಗ ಎಲ್ಲರಿಗೂ ಎರಡು ಕೈಯ ಬೆರಳುಗಳನ್ನು ಉಗುರಿಗೆ ಉಗುರು ಸೇರಿಸಿ ಹಿಡಿಯಲು ಹೇಳುತ್ತೇನೆ. ನಡುವೆ ವಜ್ರದಾಕಾರದ ಸಣ್ಣ ಕಿಂಡಿ ಕಾಣಬೇಕು. ಬೆರಳ ತುದಿ ಉಬ್ಬಿದ್ದರೆ ಅದು ಕಾಣುವುದಿಲ್ಲ. ಇವತ್ತು ಯಜಮಾನರಿಗೂ ಹೇಳಿದೆ. ಬಲಗೈ ಎತ್ತಲಾಗದೆ ಹೆಂಡತಿಯೇ ಹಿಡಿದು ಸೇರಿಸಿದರು. ಕಿಂಡಿ ಇತ್ತು.

ಹೊರಟವರು ಬಾಗಿಲಿಂದ ವಾಪಸ್ ಬಂದರು. "ಸಾರ್, ಆ ಭುಜದ ಫೋಟೋ ಕೊಡಿ. ದುಡ್ಡು ಕೊಟ್ಟು ತೆಗೆಸಿದ್ದು." ಲೈಟಿನ ಪೆಟ್ಟಿಗೆಯ ಮೇಲೇ ಮರೆತಿದ್ದೆ. ತೆಗೆದುಕೊಟ್ಟೆ.