ಮನೆಗೆ ಮರ ಹುಡುಕುತ್ತಾ: ಉಡುಪಿಯಿಂದ ದಾಂಡೇಲಿವರೆಗೆ ನಾಲ್ಕು ದಿನ

ಊರಿನ ಹಂಚಿನ ಮನೆಯ ಮಾಡಿನ ಪಕ್ಕಾಸು (ಇಳಿಜಾರಿನ ತೊಲೆ), ರೀಪು (ಹಂಚು ಕೂರುವ ಪಟ್ಟಿ) ಬದಲಿಸಬೇಕಿತ್ತು. ಜೊತೆಗೆ ನಾಲ್ಕು ಬಾಗಿಲು, ಅವುಗಳ ದಾರಂದ (ಚೌಕಟ್ಟು), ಒಂದು ಊಟದ ಮೇಜು. ಉಡುಪಿಯಲ್ಲೇ ಮರ ಸಿಗುತ್ತದೆ, ಇಲ್ಲ ಅಂತಲ್ಲ. ಆದರೆ ಮನೆ ಒಮ್ಮೆ ಮಾಡುವ ಕೆಲಸ, ಮರ ಕಣ್ಣಾರೆ ನೋಡಿ ತರಬೇಕು ಅನ್ನಿಸಿತು. ಜನವರಿಯಲ್ಲಿ ನಾನು, ಭಾವ ಮತ್ತು ಮರಗೆಲಸ ಮಾಡುವ ನಮ್ಮ ಆಚಾರ್ರು ಕಾರಿನಲ್ಲಿ ಹೊರಟೆವು. ನೀವೂ ಇಂಥ ತಿರುಗಾಟಕ್ಕೆ ಹೊರಡುವುದಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ. ಮೊದಲನೆಯದು ಅಳತೆಯ ಪಟ್ಟಿ. 'ನಾಲ್ಕು ಬಾಗಿಲಿಗೆ ಮರ ಬೇಕು' ಅಂದರೆ ಮಿಲ್ಲಿನವರು ಏನು ಹೇಳಿಯಾರು? ಐದು ಇಂಚು, ಮೂರು ಇಂಚು ದಪ್ಪದ ದಾರಂದ, ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ಹೊಸ್ತಿಲೂ ಸೇರಿ 21 ಅಡಿ ಉದ್ದ ಅಂದರೆ ಒಂದಕ್ಕೆ ಸುಮಾರು 2.2 ಸಿಎಫ್‌ಟಿ (ಘನ ಅಡಿ). ಹೀಗೆ ಪ್ರತಿಯೊಂದನ್ನೂ ಆಚಾರ್ರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ನಾಲ್ಕು ದಿನದಲ್ಲಿ ಅತಿ ಹೆಚ್ಚು ಸಲ ತೆರೆದದ್ದು ಆ ನೋಟ್‌ಬುಕ್ಕನ್ನೇ.

ಎರಡನೆಯದು, ಮಿಲ್ಲುಗಳನ್ನು ಹುಡುಕುವ ದಾರಿ. ನಾವು ಹೋಗುವ ದಾರಿಯ ಒಂದೊಂದು ಊರಿನ ಹೆಸರು ಹಾಕಿ ಮೊಬೈಲ್ ಮ್ಯಾಪಿನಲ್ಲಿ 'ಸಾ ಮಿಲ್', 'ಟಿಂಬರ್' ಅಂತ ಹುಡುಕಿದೆವು. ಹೆಸರು ನೋಡಿ ಮಾತ್ರ ನಂಬಬೇಡಿ. ಎಷ್ಟೋ ಕಡೆ ಅದು ಬರೀ ಪ್ಲೈವುಡ್ ಅಂಗಡಿ. ಸ್ಯಾಟಲೈಟ್ ನೋಟಕ್ಕೆ ಬದಲಿಸಿ ನೋಡಿ, ದಿಮ್ಮಿಗಳ ರಾಶಿ ಇದ್ದರೆ ಮೇಲಿಂದಲೇ ಬೆಂಕಿಕಡ್ಡಿ ಸುರಿದ ಹಾಗೆ ಕಾಣುತ್ತದೆ. ಭಾವನ ಈ ಉಪಾಯದಿಂದ ಆರು ಹೆಸರು ಪಟ್ಟಿಯಿಂದ ಹೋದವು. ಉಳಿದವರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿದೆವು: ಯಾವ ಮರ ಇದೆ, ಕೊಯ್ದು ಎಷ್ಟು ಸಮಯ ಆಯಿತು, ಸಣ್ಣ ಗಿರಾಕಿಗೆ ಕೊಡುತ್ತೀರಾ. ಮೂರನೇ ಪ್ರಶ್ನೆ ಮರೆಯಬೇಡಿ. ಲೋಡುಗಟ್ಟಲೆ ಮಾತ್ರ ಮಾರುವವರೂ ಇದ್ದಾರೆ.

ಇದೆಲ್ಲಕ್ಕಿಂತ ಮೊದಲು ಅರ್ಧ ದಿನ ಮಂಗಳೂರಿಗೆ ಹೋಗಿ ಬಂದೆವು. ಪಣಂಬೂರಿನ ಬಂದರಿಗೆ ಹೊರದೇಶದ ದಿಮ್ಮಿಗಳು ಹಡಗಿನಲ್ಲಿ ಬರುತ್ತವೆ. ಹಾಗಾಗಿ ಬೈಕಂಪಾಡಿ ಸುತ್ತಮುತ್ತ ವಿಚಾರಿಸಿದರೆ ಆಮದು ಮರದ ದರ ತಿಳಿಯುತ್ತದೆ. ಈಗಲೂ 'ಬರ್ಮಾ ಟೀಕ್', ಅಂದರೆ ಬರ್ಮಾದ (ಈಗಿನ ಮ್ಯಾನ್ಮಾರ್) ಸಾಗುವಾನಿ ಅಂತ ಹೇಳಿ ಮಾರುವವರು ಸಿಗುತ್ತಾರೆ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಲ್ಲಿಸಿದೆ. ಆದ್ದರಿಂದ ಆ ಹೆಸರು ಕೇಳಿದ ಕೂಡಲೇ ಯಾವ ದೇಶದ್ದು, ದಾಖಲೆ ಏನಿದೆ ಅಂತ ಕೇಳಿ. ಊರಿನ ದರ ಬರೆದುಕೊಂಡು ಹೋದದ್ದರಿಂದ ಮುಂದೆ ಎಲ್ಲಿ ಹೋದರೂ ಹೋಲಿಸಲು ಒಂದು ಲೆಕ್ಕ ಕೈಯಲ್ಲಿತ್ತು.

ಸಮಯವಿದ್ದರೆ ಮಣಿಪಾಲದ ಹಸ್ತಶಿಲ್ಪ ಹಳ್ಳಿಯನ್ನೂ ನೋಡಿ. ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿಸಿದ್ದಾರೆ. ಒಳ್ಳೆಯ ಮರ ವರ್ಷಗಳು ಕಳೆದ ಮೇಲೆ ಹೇಗೆ ಕಾಣುತ್ತದೆ ಅನ್ನುವುದು ಆ ಕಂಬಗಳ ಹತ್ತಿರ ನಿಂತರೆ ಗೊತ್ತಾಗುತ್ತದೆ. ನಮ್ಮ ಆಚಾರ್ರು ಒಂದು ಕಂಬದ ಬುಡದ ಹತ್ತಿರ ಹತ್ತು ನಿಮಿಷ ಕೂತಿದ್ದರು.

ದಾರಿ ಸುಲಭ. ಉಡುಪಿಯಿಂದ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಅಂಕೋಲಾ. ಅಲ್ಲಿ ಬಲಕ್ಕೆ ತಿರುಗಿ ಅರಬೈಲು ಘಾಟಿ ಹತ್ತಿದರೆ ಯಲ್ಲಾಪುರ. ಮುಂದೆ ಕಿರವತ್ತಿ, ಹಳಿಯಾಳ, ದಾಂಡೇಲಿ. ಘಾಟಿಯಲ್ಲಿ ಲಾರಿಗಳ ಸಾಲು ಇರುತ್ತದೆ, ಬೆಳಗ್ಗೆ ಬೇಗ ಹತ್ತಿ. ಮಳೆಗಾಲದಲ್ಲಿ ಮಾತ್ರ ಈ ಪ್ರಯಾಣ ಖಂಡಿತ ಬೇಡ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಮರೆಯುವ ಹಾಗಿಲ್ಲ. ಅದೂ ಅಲ್ಲದೆ ಮಳೆಯಲ್ಲಿ ನೆನೆದ ದಿಮ್ಮಿಯ ಬಿರುಕು ಕಣ್ಣಿಗೆ ಬೀಳುವುದಿಲ್ಲ. ದೀಪಾವಳಿ ಕಳೆದ ಮೇಲೆ, ಏಪ್ರಿಲ್ ಒಳಗೆ ಹೋಗಿ ಬನ್ನಿ.

ಕಿರವತ್ತಿ ಮತ್ತು ದಾಂಡೇಲಿಯಲ್ಲಿ ಅರಣ್ಯ ಇಲಾಖೆಯ ಡಿಪೋಗಳಿವೆ. ಅಲ್ಲಿನವರ ಬಾಯಲ್ಲಿ ಮರ ಅಂದರೆ 'ನಾಟಾ'. ಸಾಲು ಸಾಲು ಸಾಗುವಾನಿ, ಒಂದೊಂದು ದಿಮ್ಮಿಯ ತಲೆಯ ಮೇಲೂ ನಂಬರು. ಆದರೆ ಸುಮ್ನೆ ಹೋಗಿ 'ಒಂದು ದಿಮ್ಮಿ ಕೊಡಿ' ಅಂದರೆ ಆಗುವುದಿಲ್ಲ. ಲಾಟುಗಳಾಗಿ ಮಾಡಿ ಹರಾಜು ಹಾಕುತ್ತಾರೆ, ಮುಂಗಡ ಠೇವಣಿ ಕಟ್ಟಬೇಕು. ಒಂದು ಲಾಟಿನಲ್ಲಿ ಒಂದು ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ಮರ ಇರಬಹುದು. ಮೂರ್ನಾಲ್ಕು ಮನೆಯವರು ಸೇರಿ ಕೊಳ್ಳುವುದಾದರೆ ಸರಿ. ಇಲ್ಲದಿದ್ದರೆ ಹರಾಜಿನಲ್ಲಿ ಕೊಂಡು ತಂದ ಮಿಲ್ಲಿನವರ ಹತ್ತಿರ ಹೋಗುವುದೇ ನಮ್ಮಂಥವರಿಗೆ ಒಳ್ಳೆಯದು, ನಾವು ಹಾಗೇ ಮಾಡಿದೆವು. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ, ದಿನ ನೋಡಿ ಹೊರಡಿ.

ಇನ್ನು ಅಳತೆ. ಇದರಲ್ಲೇ ಹಣ ಹೋಗುವುದು, ಉಳಿಯುವುದು. ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ 48 ಇಂಚು, ಉದ್ದ 10 ಅಡಿ ಅಂತಿಟ್ಟುಕೊಳ್ಳಿ. 48ರ ಕಾಲು ಭಾಗ 12 ಇಂಚು, ಅಂದರೆ ಒಂದು ಅಡಿ. ಒಂದು ಗುಣಿಸು ಒಂದು ಗುಣಿಸು 10, ಒಟ್ಟು 10 ಸಿಎಫ್‌ಟಿ. ಉರುಟು ಮರದ ನಿಜವಾದ ಗಾತ್ರ 12.7ರ ಹತ್ತಿರ ಬರುತ್ತದೆ. ಆ ವ್ಯತ್ಯಾಸ ಕೊಯ್ಯುವಾಗ ಹೋಗುವ ಅಂಚಿನ ಬಾಬ್ತು ಅಂತ ಬಿಡುತ್ತಾರೆ. ಆದರೂ ಕೊಯ್ದ ಮೇಲೆ ಪೂರ್ತಿ 10 ಕೈಗೆ ಬರುವುದಿಲ್ಲ. ನಾವು ಕೊಂಡ ದಿಮ್ಮಿಯಲ್ಲಿ ಹತ್ತಕ್ಕೆ ಆರೂವರೆ ಸಿಕ್ಕಿತು. ಹಾಗಾಗಿ ದಿಮ್ಮಿಯ ದರವನ್ನೂ ಕೊಯ್ದ ಮರದ ದರವನ್ನೂ ನೇರವಾಗಿ ಹೋಲಿಸಬೇಡಿ. ಸರ್ಕಾರಿ ಲೆಕ್ಕ ಘನ ಮೀಟರಿನಲ್ಲಿ. ಒಂದು ಘನ ಮೀಟರ್ ಅಂದರೆ 35.3 ಘನ ಅಡಿ.

ಒಂದು ಮಿಲ್ಲಿನಲ್ಲಿ ನಮಗೆ ತೊಂದರೆ ಆದದ್ದೂ ಇಲ್ಲೇ. ಅಲ್ಲಿ ಟೇಪನ್ನು ದಿಮ್ಮಿಯ ದಪ್ಪ ತುದಿಗೆ ಸುತ್ತಿ, ತೊಗಟೆಯನ್ನೂ ಸೇರಿಸಿ ಅಳೆದರು. ನಡುವಿನಲ್ಲಿ, ತೊಗಟೆ ಬಿಡಿಸಿ ಅಳೆಯಿರಿ ಅಂತ ಆಚಾರ್ರು ಸಮಾಧಾನದಲ್ಲೇ ಹೇಳಿದರು. ಅವರು ಒಪ್ಪಲಿಲ್ಲ, ನಾವು ಎದ್ದು ಬಂದೆವು. ನಿಮ್ಮದೇ ಟೇಪು ಜೊತೆಗಿರಲಿ.

ಹಳಿಯಾಳದ ಕಡೆ ಸಿಕ್ಕ ಒಬ್ಬ ಮಿಲ್ಲಿನ ಯಜಮಾನರು 'ಎಲ್ಲಿಂದ ಬಂದೀರಿ ಸರ?' ಅಂತ ಕೇಳಿ, ಚಹಾ ಕೊಟ್ಟು, ಆಮೇಲೆ ಮರ ತೋರಿಸಿದರು. ಅಲ್ಲಿ ಆಚಾರ್ರು ಮರ ನೋಡಿದ ರೀತಿ ಹೇಳಲೇಬೇಕು. ಒದ್ದೆ ಬಟ್ಟೆಯಿಂದ ದಿಮ್ಮಿಯ ಕೊಯ್ದ ಮುಖವನ್ನು ಒರೆಸಿದರು. ಧೂಳು ಹೋಗಿ ಬಣ್ಣ ಎದ್ದು ಬಂತು. ಒಳಗೆ ಜೇನಿನ ಬಣ್ಣದ ಚೇಗು (ಮರದ ಗಟ್ಟಿ ತಿರುಳು), ಹೊರಗೆ ಎರಡು ಬೆರಳು ಅಗಲದ ಬಿಳಿ ಪಟ್ಟಿ. ಆ ಬಿಳಿ ಭಾಗ ಹುಳಕ್ಕೆ, ಗೆದ್ದಲಿಗೆ ಬೇಗ ತುತ್ತಾಗುತ್ತದೆ, ದಾರಂದಕ್ಕೆ ಬೇಡವೇ ಬೇಡ. ಪಕ್ಕದ ದಿಮ್ಮಿ ನೋಡಲು ಇನ್ನೂ ದಪ್ಪವಿತ್ತು, ನನಗೆ ಅದೇ ಇಷ್ಟವಾಯಿತು. ಒರೆಸಿದಾಗ ನಡುವಿನಿಂದ ನಕ್ಷತ್ರದ ಹಾಗೆ ಬಿರುಕು ಕಂಡಿತು. 'ಇದು ಬೇಡ ಮಾರಾಯ್ರೆ, ಕೊಯ್ದರೆ ಹಲಗೆ ಎರಡಾಗ್ತದೆ' ಅಂದರು. ಆಚಾರ್ರನ್ನು ಕರೆದುಕೊಂಡು ಹೋದ ಖರ್ಚು ಆ ಒಂದೇ ಮಾತಿನಲ್ಲಿ ಬಂತು.

ಎಲ್ಲದಕ್ಕೂ ಸಾಗುವಾನಿಯೇ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ದಾರಂದಕ್ಕೆ ಮತ್ತು ಎದುರು ಬಾಗಿಲಿಗೆ ಮಾತ್ರ ಅದನ್ನು ತಂದೆವು. ಒಳಬಾಗಿಲಿಗೆ ನಮ್ಮ ಊರಿನ ಹಲಸು ಏನೂ ಕಡಿಮೆಯಲ್ಲ. ಹೊಸತರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಪಾಗಿ ಚಂದ ಬರುತ್ತದೆ. ಪಕ್ಕಾಸಿಗೆ ಮತ್ತಿ ಸಾಕು, ಭಾರ ತಡೆಯುತ್ತದೆ.

ಕಾಗದಪತ್ರದ ವಿಷಯದಲ್ಲಿ ಸಡಿಲ ಬಿಡಬೇಡಿ. ಸಾಗುವಾನಿ, ಬೀಟೆಯಂಥ ಮರ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇಕು. ಜೊತೆಗೆ ಜಿಎಸ್‌ಟಿ ಬಿಲ್ಲು. ಪಾಸಿನಲ್ಲಿ ಬರೆದ ತುಂಡುಗಳ ಸಂಖ್ಯೆ, ಅಳತೆ, ಲಾರಿ ನಂಬರು, ಅವಧಿ ಎಲ್ಲವನ್ನೂ ಲಾರಿ ಹೊರಡುವ ಮೊದಲೇ ಹೋಲಿಸಿ ನೋಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮರವನ್ನಷ್ಟೇ ಅಲ್ಲ, ವಾಹನವನ್ನೂ ಮುಟ್ಟುಗೋಲು ಹಾಕಬಹುದು. 'ಪಾಸ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ' ಅಂದರೆ ಅಲ್ಲಿ ನಿಲ್ಲಲೇಬೇಡಿ.

ಬಾಡಿಗೆ ಉಳಿಸಲು ಒಂದು ದಾರಿ: ಘಾಟಿ ಇಳಿದು ಕರಾವಳಿಗೆ ಖಾಲಿ ಬರುವ ಲಾರಿ ಇದೆಯಾ ಅಂತ ಮಿಲ್ಲಿನವರನ್ನೇ ಕೇಳಿ. ನಮಗೆ ಹಾಗೆ ಒಂದು ಸಿಕ್ಕಿತು. ನಾವು ಶಿರಸಿ, ಸಿದ್ದಾಪುರ, ಸಾಗರದ ಮೇಲೆ ಹೊಸನಗರಕ್ಕೆ ಬಂದು, ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೇರಿದೆವು. ದಾರಿಯಲ್ಲಿ ಇನ್ನೆರಡು ಮಿಲ್ಲು ನೋಡಿದೆವು, ಏನೂ ಕೊಳ್ಳಲಿಲ್ಲ.

ಮರ ಬಂದ ಕೂಡಲೇ ಕೆಲಸ ಶುರು ಮಾಡಬೇಡಿ. ಹಳಿಯಾಳದ ಒಣ ಗಾಳಿಯಲ್ಲಿದ್ದ ಮರ ನಮ್ಮ ಕಡಲ ಗಾಳಿಗೆ ಹಿಗ್ಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬಾಗಿಲು ಹಾಕಲು ಆಗದೆ ತಳ್ಳಾಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ? ನಮ್ಮ ಹಲಗೆಗಳನ್ನು ಅಂಗಳದ ಮಾಡಿನಡಿ, ನೆಲದಿಂದ ಒಂದಡಿ ಎತ್ತರದಲ್ಲಿ, ನಡುನಡುವೆ ರೀಪಿನ ತುಂಡು ಇಟ್ಟು ಪೇರಿಸಿದ್ದೇವೆ. ತುದಿಗಳಿಗೆ ಬಣ್ಣ ಬಳಿದಿದ್ದೇವೆ, ಅಲ್ಲಿಂದ ಬೇಗ ಒಣಗಿ ಸೀಳಬಾರದು ಅಂತ. ಆಚಾರ್ರು ವಾರಕ್ಕೊಮ್ಮೆ ಬಂದು ತೇವ ಅಳೆಯುವ ಮೀಟರಿನ ಸೂಜಿ ಚುಚ್ಚಿ ನೋಡಿ, ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಾರೆ.