ಥೇಮ್ಸ್ ದಂಡೆಯಲ್ಲಿ ಊಟಕ್ಕೆ ಎಲ್ಲಿ ಕೂರಬೇಕು?

ಕೋರ್ಪಲಯ್ಯನ ಮಂಟಪ ಮುಳುಗಿದ ಮಾರನೆಯ ದಿನ ರಜೆಗೆಂದು ಲಂಡನ್ನಿನಿಂದ ಊರಿಗೆ ಬಂದಿಳಿದೆ. ಶಿವಮೊಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗೆಯೊಳಗಿನ ಆ ಮಂಟಪ ಮುಳುಗಿತೆಂದರೆ ಮಳೆ ಸರಿಯಾಗಿ ಹಿಡಿಯಿತು ಎಂದೇ ಲೆಕ್ಕ. ಸಂಜೆ ಗೆಳೆಯ ಬಂದು ಎಳೆದುಕೊಂಡು ಹೋದ. ಹೊಳೆ ಬಸ್‌ಸ್ಟಾಪ್ ಹತ್ತಿರ ಗಾಡಿ ನಿಲ್ಲಿಸಿ, ಸೇತುವೆಯ ಮೇಲೆ ಕೊಡೆ ಹಿಡಿದು ನಿಂತವರ ಸಾಲಿನಲ್ಲಿ ನಾವೂ ನಿಂತೆವು. ಕೆಳಗೆ ಕೆಂಪು ನೀರು ಕಸಕಡ್ಡಿ, ಮರದ ಕೊಂಬೆ ಎಲ್ಲವನ್ನೂ ಹೊತ್ತುಕೊಂಡು ಕೂಡ್ಲಿಯ ಕಡೆಗೆ ಓಡುತ್ತಿತ್ತು.

ಬರುವ ಜೂನ್‌ನಲ್ಲಿ ಅವನೂ ಅವನ ಹೆಂಡತಿಯೂ ಲಂಡನ್ನಿಗೆ ಬರುತ್ತಿದ್ದಾರೆ. "ಅರಮನೆ, ಮ್ಯೂಸಿಯಂ ಎಲ್ಲ ನೀನು ತೋರಿಸಿದಷ್ಟು ನೋಡ್ತೀವಿ ಮಾರಾಯ. ಆದ್ರೆ ಒಂದು ಸಂಜೆ ಹೊಳೆ ಪಕ್ಕ ಕೂತು ಒಂದು ಬಿಯರ್ ಕುಡಿದು, ಒಳ್ಳೆ ಊಟ ಮಾಡ್ಬೇಕು. ಇಲ್ಲಿ ಇಷ್ಟು ಚಂದದ ಹೊಳೆ ಇಟ್ಕೊಂಡೂ ಅದೊಂದು ಆಗಲ್ಲ" ಅಂದ. ಅವನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಮನೆಗೆ ಬಂದು ಕಾಫಿಗೆ ಕೂತಾಗ ಅವಳು ಕೇಳಿದ್ದು ಒಂದೇ ಮಾತು: "ಅಣ್ಣಾ, ಬಾರಿನೊಳಗೆ ನಾನು ಹೇಗೆ ಬಂದು ಕೂರಲಿ?"

ಅವಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಬಾರ್ ಎಂದರೆ ಕಣ್ಣಿಗೆ ಬರುವುದು ಮಬ್ಬು ಬೆಳಕು, ಎಳೆದ ಪರದೆ, ಗಂಡಸರ ಜಂಗುಳಿ. ಲಂಡನ್ನಿನ ಪಬ್ ಹಾಗಲ್ಲ. ಭಾನುವಾರ ಮಧ್ಯಾಹ್ನ ಅಜ್ಜಿ, ಮೊಮ್ಮಗ, ನಾಯಿ ಸಮೇತ ಮನೆಮಂದಿಯೆಲ್ಲ ಊಟಕ್ಕೆ ಬರುವ ಜಾಗ ಅದು. ಕುಡಿಯದವರು ಹಣ್ಣಿನ ರಸವನ್ನೋ ಮದ್ಯವಿಲ್ಲದ ಬಿಯರನ್ನೋ ಹಿಡಿದು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಅಮ್ಮ ಬಂದಿದ್ದಾಗಲೂ ಕರೆದುಕೊಂಡು ಹೋಗಿದ್ದೆ. ಮೊದಲು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಗೆ ಕೈಮುಗಿದೆವು. 2015ರ ನವೆಂಬರ್ 14ರಂದು ಅನಾವರಣಗೊಂಡ ಆ ಪ್ರತಿಮೆ ಥೇಮ್ಸ್ ದಂಡೆಯಲ್ಲೇ ಇದೆ, ಹೊಳೆಯಾಚೆ ಪಾರ್ಲಿಮೆಂಟು. ಅಲ್ಲಿಂದ ನೀರನ್ನೇ ನೋಡುತ್ತ ನಿಧಾನ ನಡೆದೆವು.

ಅವತ್ತು ನಾನು ಜಾಗ ಆರಿಸಿದ್ದು ಬರೀ ನೋಟಕ್ಕೆ ಮರುಳಾಗಿ. ಹೆಸರು ಬೇಡ. ಗಾಜಿನ ಗೋಡೆ, ಎದುರಿಗೆ ಸೇತುವೆಯ ದೀಪ, ಎಲ್ಲ ಇತ್ತು. ತಟ್ಟೆಯಲ್ಲಿ ಬಂದದ್ದು ಮಾತ್ರ ಅಂಚು ಸುಟ್ಟು ನಡುವೆ ತಣ್ಣಗಿದ್ದ ತಿನಿಸು. ಅಮ್ಮ ಏನೂ ಅನ್ನದೆ ಆಲೂಗಡ್ಡೆಯನ್ನಷ್ಟೇ ತಿಂದು ಎದ್ದರು. ಅಷ್ಟು ದೂರದಿಂದ ಬಂದವರನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಹೊಳೆ ಕಾಣುವ ಜಾಗಕ್ಕೆ ಗಿರಾಕಿ ತಾನಾಗಿ ಬರುತ್ತಾನೆ, ಅಡುಗೆ ಹೇಗಿದ್ದರೂ ನಡೆಯುತ್ತದೆ. ಹಾಗಾಗಿ ಈಗ ನೋಟವನ್ನೂ ಊಟವನ್ನೂ ಬೇರೆ ಬೇರೆಯಾಗಿಯೇ ಪರೀಕ್ಷೆ ಮಾಡುತ್ತೇನೆ.

ನೋಟದ ವಿಷಯದಲ್ಲಿ ತುಂಗೆ ಕಂಡು ಬೆಳೆದವರಿಗೆ ಹೊಳೆಯದ ಸಂಗತಿಯೊಂದಿದೆ: ಥೇಮ್ಸ್ ಹಿಂದಕ್ಕೂ ಹರಿಯುತ್ತದೆ. ಸಮುದ್ರದ ಉಬ್ಬರ ಲಂಡನ್ ದಾಟಿ ಟೆಡಿಂಗ್ಟನ್ ಎಂಬಲ್ಲಿಯವರೆಗೂ ಹೊಳೆಯೊಳಗೆ ನುಗ್ಗುತ್ತದೆ. ನಗರದ ನಡುವೆ ನೀರು ಆರೇಳು ಮೀಟರ್ ಏರಿ ಇಳಿಯುವ ದಿನಗಳುಂಟು, ಎರಡು ಮಹಡಿ ಮನೆಯಷ್ಟು! ನಮ್ಮ ಮಂಟಪ ವರ್ಷಕ್ಕೆ ಕೆಲವು ಸಲ ಮುಳುಗಿದರೆ ಅಲ್ಲಿಯ ಮೆಟ್ಟಿಲುಗಳು ದಿನಕ್ಕೆರಡು ಸಲ ಮುಳುಗುತ್ತವೆ. ಇಳಿತದ ಹೊತ್ತಿನಲ್ಲಿ ಹೋದಿರೋ, ಕಾಣುವುದು ಕೆಸರು, ಕಲ್ಲು, ಪಾಚಿ ಹಿಡಿದ ಮರದ ಕಂಬ. ಅದಕ್ಕೂ ಒಂದು ಚೆಲುವಿದೆ, ಆದರೆ ಅಷ್ಟು ದೂರದಿಂದ ಬರುವ ಗೆಳೆಯನಿಗೆ ನಾನು ತೋರಿಸಬೇಕೆಂದಿರುವುದು ತುಂಬಿದ ಹೊಳೆ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು ಹನ್ನೆರಡೂವರೆ ಗಂಟೆ. ಇವತ್ತು ಸಂಜೆ ಆರಕ್ಕೆ ತುಂಬಿದ್ದರೆ ನಾಳೆ ಏಳರ ಹತ್ತಿರ. ಲಂಡನ್ ಬಂದರು ಪ್ರಾಧಿಕಾರ ಉಬ್ಬರದ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ. ಮೆನು ನೋಡುವ ಮೊದಲು ಅದನ್ನು ನೋಡಿ.

ಇನ್ನು ಬಿಸಿಲು. ಮಧ್ಯಾಹ್ನದ ಹೊತ್ತು ಉತ್ತರ ದಂಡೆಯಲ್ಲಿ ಕೂತರೆ ಬಿಸಿಲು ಮುಖಕ್ಕೆ, ದಕ್ಷಿಣ ದಂಡೆಯಲ್ಲಿ ಕೂತರೆ ಬಿಸಿಲು ಬಿದ್ದ ಎದುರು ದಂಡೆ ಕಣ್ಣಿಗೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಇಪ್ಪತ್ತರ ಸುಮಾರಿಗೆ. ಎಷ್ಟೋ ಪಬ್ಬುಗಳಲ್ಲಿ ಬಿಯರ್ ಹನ್ನೊಂದರವರೆಗೆ ಸಿಕ್ಕರೂ ಒಲೆ ಆರುವುದು ಒಂಬತ್ತಕ್ಕೇ. ಸೂರ್ಯಾಸ್ತ ನೋಡಿ ಆಮೇಲೆ ಊಟ ಹೇಳೋಣ ಅಂದುಕೊಂಡವರಿಗೆ ಉಪವಾಸವೇ ಗತಿ. ಏಳೂವರೆಗೆಲ್ಲ ಊಟ ಹೇಳಿಬಿಡಬೇಕು. ಮೇಜಿನ ನಂಬರ್ ನೆನಪಿಟ್ಟುಕೊಂಡು ನಾವೇ ಎದ್ದುಹೋಗಿ ಕೌಂಟರಿನಲ್ಲಿ ಹೇಳುವುದು ಅಲ್ಲಿನ ರೂಢಿ. ಕೂತಲ್ಲೇ ಕಾದರೆ ಕಾಯುತ್ತಲೇ ಇರಬೇಕಾದೀತು.

ಊಟ ಚೆನ್ನಾಗಿದೆಯೇ ಎಂದು ಬಾಗಿಲಲ್ಲೇ ಹೇಗೆ ತಿಳಿಯುವುದು? ಮೆನು ಚಿಕ್ಕದಿರಬೇಕು. ಪಾಸ್ತಾ, ಬರ್ಗರ್, ಕರಿ, ನೂಡಲ್ಸ್ ಎಂದು ಐವತ್ತು ಬಗೆ ಬರೆದಿದ್ದರೆ ಒಳಗೆ ಫ್ರೀಜರಿನದೇ ಕಾರುಬಾರು ಎಂದು ನಾನು ಮುಂದೆ ನಡೆಯುತ್ತೇನೆ. ಇವತ್ತಿನ ಮೀನು ಯಾವುದು ಎಂದು ಕೇಳಿದಾಗ ಥಟ್ಟನೆ ಉತ್ತರ ಬರಬೇಕು. ಪೈ ಎಂದರೆ ಸುತ್ತಲೂ ಹಿಟ್ಟಿನ ಗೋಡೆ ಇರಬೇಕು, ಬಟ್ಟಲಿನ ಗೊಜ್ಜಿನ ಮೇಲೆ ಬರೀ ಒಂದು ಮುಚ್ಚಳ ಕೂರಿಸಿದ್ದು ಪೈ ಅಲ್ಲ ಎಂಬ ಅಲ್ಲಿಯವರ ವಾದಕ್ಕೆ ನನ್ನ ಒಪ್ಪಿಗೆಯಿದೆ. ಬಾಗಿಲ ಪಕ್ಕ ಹಸಿರು-ಕಪ್ಪು ಚೀಟಿಯೊಂದು ಇರುತ್ತದೆ, ಅಡುಗೆಮನೆಯ ಶುಚಿತ್ವಕ್ಕೆ 0ಯಿಂದ 5ರವರೆಗೆ ಅಂಕ. ಇಂಗ್ಲೆಂಡಿನಲ್ಲಿ ಅದನ್ನು ಅಂಟಿಸಲೇಬೇಕೆಂಬ ಕಾನೂನಿಲ್ಲ, ಆದ್ದರಿಂದ 5 ಸಿಕ್ಕವರು ಎದ್ದು ಕಾಣುವ ಹಾಗೆ ಅಂಟಿಸಿರುತ್ತಾರೆ.

ಅಣ್ಣಾ ಎಂದು ಕೇಳಿದ ಆ ತಂಗಿಗೆ ಮಾತ್ರ ಬಿಡಿಸಿ ಬಿಡಿಸಿ ಹೇಳಿದೆ, ಯಾಕೆಂದರೆ ಸಸ್ಯಾಹಾರಿಗಳು ತಿಳಿಯದೆ ಎಡವುವ ಜಾಗಗಳು ಅಲ್ಲಿ ಬಹಳ. ಆಲೂಗಡ್ಡೆ ಚಿಪ್ಸನ್ನು ಎಷ್ಟೋ ಕಡೆ ಮೀನು ಕರಿದ ಎಣ್ಣೆಯಲ್ಲೇ, ಕೆಲವೆಡೆ ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಕೇಳಲೇಬೇಕು. ಭಾನುವಾರದ ರೋಸ್ಟ್ ಜೊತೆ ಬರುವ ಯಾರ್ಕ್‌ಶೈರ್ ಪುಡಿಂಗ್ ಹೆಸರಿಗೆ ಸಿಹಿಯಂತಿದ್ದರೂ ಮೊಟ್ಟೆಯದ್ದು. ಗ್ರೇವಿ ಸಾಮಾನ್ಯವಾಗಿ ಮಾಂಸದ ರಸ. ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಮೊಟ್ಟೆಯೂ ಬೇಡವೆಂದರೆ 'ವೀಗನ್' (ಹಾಲು, ಮೊಟ್ಟೆ ಯಾವುದೂ ಇಲ್ಲದ್ದು) ಎಂದು ಗುರುತು ಹಾಕಿದ್ದನ್ನೇ ಹೇಳುವುದು ನೆಮ್ಮದಿ. ಅಣಬೆಯ ಪೈ, ಬೀಜಗಳ ರೋಸ್ಟ್ ಸಿಕ್ಕರೆ ರುಚಿಯಾಗಿಯೇ ಇರುತ್ತವೆ. ಖಾರ ಬೇಕೆನಿಸಿದರೆ ಇಂಗ್ಲಿಷ್ ಸಾಸಿವೆ ಕೇಳು, ಮೂಗಿಗೆ ಏರುವಷ್ಟು ಘಾಟು ಅಂದೆ. ಅವಳಿಗೆ ಆಗ ಸ್ವಲ್ಪ ಧೈರ್ಯ ಬಂತು.

ಗೆಳೆಯನಿಗೆ ಹೇಳಿದ್ದು ಬಿಯರಿನ ಮಾತು. ಒಂದು ಪೈಂಟ್ ಎಂದರೆ 568 ಮಿಲಿ, ನಮ್ಮ 650ರ ದೊಡ್ಡ ಬಾಟಲಿಗಿಂತ ತುಸು ಕಡಿಮೆ. ಕೈಪಂಪಿನಿಂದ ಎಳೆದು ಕೊಡುವ 'ಏಲ್' ಎಂಬ ಬಿಯರ್ ಐಸಿನಂತೆ ತಣ್ಣಗಿರುವುದಿಲ್ಲ, ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ. ಬಿಸಿಯಾಗಿದೆ ಎಂದು ವಾಪಸ್ ಕೊಡಬೇಡ, ಅದರ ರುಚಿ ಇರುವುದೇ ಆ ತಂಪಿನಲ್ಲಿ.

ಹಾಗಾದರೆ ಯಾವುದು? ಗ್ರಿನಿಚ್‌ನಲ್ಲಿ 1837ರ ಟ್ರಫಾಲ್ಗರ್ ಟ್ಯಾವರ್ನ್ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಂತ್ರಿಗಳು ವೈಟ್‌ಬೇಟ್ ಎಂಬ ಕಿರುಮೀನಿನ ಹುರಿದ ಊಟಕ್ಕೆಂದೇ ಗ್ರಿನಿಚ್‌ಗೆ ದೋಣಿಯಲ್ಲಿ ಬರುತ್ತಿದ್ದರಂತೆ. ತಲೆ ಬಾಲ ತೆಗೆಯದೆ ಹಿಟ್ಟಿನಲ್ಲಿ ಹೊರಳಿಸಿ ಕರಿದ ಆ ಮೀನು, ಮೊದಲ ಮಳೆಗೆ ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿದು ಹುರಿದು ತಿನ್ನುವ ನಮ್ಮವರಿಗೆ ಖಂಡಿತ ಹಿಡಿಸುತ್ತದೆ. ಹ್ಯಾಮರ್‌ಸ್ಮಿತ್‌ನ 'ಡವ್' ಚಿಕ್ಕದು, ಹಿಂದಿನ ಜಗುಲಿ ನೀರಿಗೇ ತೆರೆದುಕೊಂಡಿದೆ, ಬೇಗ ಹೋಗದಿದ್ದರೆ ಜಾಗವಿಲ್ಲ.

ನನ್ನ ಮನಸ್ಸಿರುವುದು ಮಾತ್ರ ಪೂರ್ವದ ಕಡೆ. ವಾಪಿಂಗ್‌ನಲ್ಲಿ 'ಪ್ರಾಸ್ಪೆಕ್ಟ್ ಆಫ್ ವಿಟ್ಬಿ', ಸುಮಾರು 1520ರಿಂದ ಅಲ್ಲಿ ಮದ್ಯದಂಗಡಿ ಇದೆಯೆಂದು ಹೇಳುತ್ತಾರೆ, ನೆಲಕ್ಕೆ ಸವೆದ ಹಳೇ ಚಪ್ಪಡಿ. ಅಲ್ಲಿ ಒಂದು ಬಿಯರ್ ಮುಗಿಸಿ ವಾಪಿಂಗ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಒಂದೇ ನಿಲ್ದಾಣ, ಹೊಳೆಯ ಕೆಳಗಿಂದ ಆಚೆ ದಂಡೆಯ ರಾದರ್‌ಹೈತ್‌ಗೆ. ಆ ಸುರಂಗ 1843ರಲ್ಲಿ ತೆರೆದದ್ದು, ಹಡಗು ಓಡಾಡುವ ಹೊಳೆಯ ಅಡಿಯಲ್ಲಿ ಜಗತ್ತಿನಲ್ಲೇ ಮೊದಲು ಕೊರೆದದ್ದು. ಮೇಲೆ ಬಂದು ನಾಲ್ಕು ಹೆಜ್ಜೆ ನಡೆದರೆ 'ಮೇಫ್ಲವರ್'. 1620ರಲ್ಲಿ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಹಡಗಿನ ಹೆಸರು ಅದಕ್ಕೆ, ಆ ಹಡಗು ಹೊರಟದ್ದು ಆ ದಂಡೆಯಿಂದಲೇ. ಹಿಂದೆ ನೀರಿನ ಮೇಲೆ ಚಾಚಿದ ಮರದ ಅಟ್ಟ. ಉಬ್ಬರದಲ್ಲಿ ದೋಣಿಯೊಂದು ಹಾದುಹೋದರೆ ಅಲೆ ಹಲಗೆಯ ಕೆಳಗೆ ಬಂದು ಬಡಿಯುತ್ತದೆ. ಕಾಲಡಿಯ ಆ ಸದ್ದಿಗೆ ನನಗೆ ಪ್ರತಿ ಸಲವೂ ತೀರ್ಥಹಳ್ಳಿಯ ಹೊಳೆದಂಡೆ ನೆನಪಾಗುತ್ತದೆ.

ಇಷ್ಟು ಕೇಳಿದ ಮೇಲೆ ಗೆಳೆಯ ಮೊಬೈಲಿನಲ್ಲಿ ಜೂನ್ ತಿಂಗಳ ಕ್ಯಾಲೆಂಡರ್ ತೆಗೆದು ಹಿಡಿದ. ಅವರಿರುವುದು ಎಂಟು ದಿನ. ಅದರಲ್ಲಿ ಸಂಜೆ ಏಳರ ಹೊತ್ತಿಗೆ ಹೊಳೆ ತುಂಬುವ ದಿನ ಯಾವುದೆಂದು ಹುಡುಕಿ ಹೇಳುವ ಕೆಲಸ ನನ್ನದು. "ಚಿಪ್ಸ್ ಯಾವ ಎಣ್ಣೆಯಲ್ಲಿ ಕರೀತಾರೆ ಅಂತ ಅದನ್ನೂ ಮೊದಲೇ ಕೇಳಿಡಿ ಅಣ್ಣಾ" ಎಂದು ತಂಗಿ ಅಡುಗೆಮನೆಯಿಂದ ಕೂಗಿದಳು.